ತಪ್ಪುಕಾಣಿಕೆಯೂ ತಪ್ಪೊಪ್ಪಿಗೆಯೂ

ನನ್ನ ಇಪ್ಪತ್ತರ ಪ್ರಾಯದಲ್ಲಿ, ಮನೆತನದ ಭಾಗದ ದಾವೆಯೊಂದರ ನಿಮಿತ್ತವಾಗಿ, ದೊಡ್ಡಪ್ಪನವರ ಹಿಂದೆ ಕಾಗದದ ಕಟ್ಟು ಹಿಡಿದುಕೊಂಡು ತಾಲ್ಲೂಕಿನ ನ್ಯಾಯಾಲಯಕ್ಕೆ ವಾಯಿದೆಯಿಂದ ವಾಯಿದೆಗೆ ಅಲೆಯುತ್ತಿದ್ದೆನಾಗಿ, ನ್ಯಾಯದೇವತೆಯ ಗರ್ಭಗುಡಿಯ ಮಹಾಪೂಜೆಗಳನ್ನಲ್ಲವಾದರೂ ಪ್ರಾಕಾರದಲ್ಲಿ ನಡೆಯುವ ಚಿಲ್ಲರೆ ಸೇವೆಗಳನ್ನು ನೋಡುವ ಅವಕಾಶ ನನಗೆ ಸಾಕಷ್ಟು ದೊರಕಿತ್ತು. ಆಗ ಮುನ್ಸೀಫರೂ ಮ್ಯಾಜಿಸ್ಟ್ರೇಟರೂ ಒಬ್ಬರೇ. ಬೆಳಗಿನ ಹೊತ್ತು ಪುಡಿ ಫೌಜುದಾರಿ ಮೊಕದ್ದಮೆಗಳನ್ನು ಮುಗಿಸಿಕೊಂಡು ಆಮೇಲೆ ನಮ್ಮಂಥವರ ಹೊಲಮನೆಗಳ ಕಡೆಗೆ ತಿರುಗುತ್ತಿದ್ದರು. ದೀಪಾವಳಿ ಕಳೆದು ನಾಲ್ಕೈದು ದಿನಗಳಾಗಿದ್ದ ಒಂದು ಬೆಳಿಗ್ಗೆ, ಊರಾಚೆಯ ತೋಪಿನಲ್ಲಿ ಅಂದರ್ ಬಾಹರ್ ಆಡುತ್ತಿದ್ದರೆಂದು ಹಿಡಿದು ತಂದಿದ್ದ ಒಂಬತ್ತು ಮಂದಿಯನ್ನು ಕಟಕಟೆಯ ಬಳಿ ಸಾಲಾಗಿ ನಿಲ್ಲಿಸಿದ್ದರು. ಸಾಲಿನ ಕೊನೆಯಲ್ಲಿದ್ದವನು ಹತ್ತೊಂಬತ್ತು ವರ್ಷ ಮೀರಿರದ ಹುಡುಗ. ‘ಏನಪ್ಪಾ, ತಪ್ಪು ಒಪ್ಪಿಕೊಳ್ಳುತ್ತೀಯೋ?’ ಎಂಬ ಪ್ರಶ್ನೆ ಸಾಲಿನುದ್ದಕ್ಕೂ ಹಾದು ಬಂದು ಅವನನ್ನು ಮುಟ್ಟಿದಾಗ ಅವನು ಕೈಮುಗಿದು, ‘ತಪ್ಪಾಯ್ತು ಸ್ವಾಮಿ, ಆಟ ನೋಡ್ತಾ ನಿಂತಿದ್ದೆ, ಇನ್ನು ಆ ಕಡೆಗೆ ಹೋಗಲ್ಲ’ ಎಂದನು. ಬೆಂಚ್ ಗುಮಾಸ್ತರು ಅಚ್ಚಾದ ನಮೂನೆಯ ಖಾಲಿ ಜಾಗವನ್ನು ತುಂಬಿದರು. ಒಂಬತ್ತು ಮಂದಿಯೂ ದಂಡ ಕಟ್ಟಿ ಹೊರಗೆ ಬಂದು ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದರು.

ಈ ಪ್ರಸಂಗವನ್ನು ನಾನು ಮರೆತುಬಿಡುತ್ತಿದ್ದೆ. ಆದರೆ ಮೂರು ವರ್ಷಗಳ ತರುವಾಯ, ನಮ್ಮ ದಾವೆಯಿನ್ನೂ ಸಾಕ್ಷಿಯ ಹಂತವನ್ನು ದಾಟದೆ ಇದ್ದ ಕಾಲದಲ್ಲಿ, ಅದೇ ಹುಡುಗನು ನಮ್ಮ ವಕೀಲರ ಮನೆಯ ಜಗಲಿಗೆ ಬಂದು ಕುಳಿತಿದ್ದನು. ಸರ್ಕಾರಿ ಹುದ್ದೆಯೊಂದಕ್ಕೆ ಆಯ್ಕೆಯಾಗಿದ್ದ ಅವನ ಹೆಸರಿನ ಮುಂದೆ, ಪೊಲೀಸ್ ಪರಿಶೀಲನೆಯಲ್ಲಿ, ‘ಶಿಕ್ಷೆಯಾಗಿದೆ’ ಎಂಬ ಒಂದು ಮಾತು ಎದ್ದು ನಿಂತಿತ್ತು. ಅಪೀಲು ಹಾಕಬಹುದೇ ಎಂದು ಕೇಳಿದನು. ವೃದ್ಧರಾದ ನಮ್ಮ ವಕೀಲರು ನಶ್ಯದ ಡಬ್ಬಿಯನ್ನು ಮುಚ್ಚಿ, ‘ಯಾರ ಮೇಲೆ ಅಪೀಲು ಮಾರಾಯ? ಹೇಳಿದವನು ನೀನೇ ಅಲ್ಲವೇ?’ ಎಂದರು.

ಆ ಪ್ರಶ್ನೆಯಲ್ಲಿ ಹಾಸ್ಯವಿತ್ತು, ಕಾನೂನೂ ಇತ್ತು. ತೀರ್ಪಿನಿಂದ ನೊಂದವನಿಗೆ ಮೇಲಿನ ನ್ಯಾಯಾಲಯದ ಬಾಗಿಲು ತೆರೆದಿರತಕ್ಕದ್ದೆಂಬುದು ನಮ್ಮ ದಂಡನ್ಯಾಯ ಪದ್ಧತಿಯ ಸಾಮಾನ್ಯ ನಿಯಮ. ಆ ನಿಯಮಕ್ಕಿರುವ ಅಪವಾದಗಳಲ್ಲಿ ಮುಖ್ಯವಾದದ್ದು ಇದೇ: ಆರೋಪಿಯು ತಪ್ಪನ್ನು ಒಪ್ಪಿಕೊಂಡು, ಆ ಒಪ್ಪಿಗೆಯ ಮೇಲೆಯೇ ದೋಷಿಯೆಂದು ನಿರ್ಣೀತನಾಗಿದ್ದರೆ ಅವನಿಗೆ ಅಪೀಲಿಲ್ಲ. 1898ರ ಸಂಹಿತೆಯಲ್ಲಿ ಇದು 412ನೆಯ ಪ್ರಕರಣವಾಗಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 375ನೆಯದಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 416ನೆಯದಾಗಿ ಕುಳಿತಿದೆ. ಅರಸೊತ್ತಿಗೆ ಹೋಗಿ ಗಣರಾಜ್ಯ ಬಂದರೂ, ಸಂಹಿತೆಯ ಹೆಸರು ಇಂಗ್ಲಿಷಿನಿಂದ ಸಂಸ್ಕೃತಕ್ಕೆ ಹೊರಳಿದರೂ ಈ ನಿಯಮದ ತಿರುಳು ಕದಲಿಲ್ಲ. ಅದಕ್ಕೆ ಕಾರಣವೂ ಉಂಟು. ತಾನೇ ಒಪ್ಪಿಕೊಂಡದ್ದನ್ನು ಇನ್ನೊಬ್ಬನು ತನ್ನ ಮೇಲೆ ಹೊರಿಸಿದನೆಂದು ದೂರುವುದು ತರ್ಕಕ್ಕೆ ಒಗ್ಗತಕ್ಕದ್ದಲ್ಲ. ಮೇಲಾಗಿ, ಒಪ್ಪಿಕೊಂಡವನೆಲ್ಲ ಮರುದಿನ ಮನಸ್ಸು ತಿರುಗಿಸಿ ಅಪೀಲು ತರುವುದಾದರೆ ಒಪ್ಪಿಕೊಳ್ಳುವುದಕ್ಕೆ ಅರ್ಥವೇ ಉಳಿಯಲಾರದು.

ಆದರೆ ನಿಯಮವು ಬಾಗಿಲನ್ನು ಪೂರ್ತಿಯಾಗಿ ಮುಚ್ಚಿಲ್ಲ. ಒಪ್ಪಿಗೆಯ ಮೇಲೆ ದೋಷಿಯೆಂದು ನಿರ್ಣಯಿಸಿದ್ದು ಹೈಕೋರ್ಟೇ ಆಗಿದ್ದರೆ ಅಪೀಲೆಂಬುದು ಸರ್ವಥಾ ಇಲ್ಲ. ಸೆಷನ್ಸ್ ನ್ಯಾಯಾಲಯವೋ ಮ್ಯಾಜಿಸ್ಟ್ರೇಟರೋ ಆಗಿದ್ದಲ್ಲಿ, ‘ನಾನು ತಪ್ಪು ಮಾಡಿಲ್ಲ’ ಎಂದು ಅಪೀಲಿನಲ್ಲಿ ಹೇಳಲು ಬಾರದಿದ್ದರೂ, ‘ವಿಧಿಸಿದ ಶಿಕ್ಷೆ ಹೆಚ್ಚಾಯಿತು’ ಅಥವಾ ‘ವಿಧಿಸಿದ ಶಿಕ್ಷೆ ಕಾನೂನಿಗೆ ಹೊರತಾದದ್ದು’ ಎಂದು ಹೇಳಬಹುದು. ಶಿಕ್ಷೆಯ ಪರಿಮಾಣ ಮತ್ತು ಶಿಕ್ಷೆಯ ಸಕ್ರಮತೆ ಎಂಬ ಈ ಎರಡು ಕಿಂಡಿಗಳು ಕಾಣುವಷ್ಟು ಚಿಕ್ಕವಲ್ಲ. ಪ್ರಥಮ ದರ್ಜೆಯ ಮ್ಯಾಜಿಸ್ಟ್ರೇಟರು ಮೂರು ವರ್ಷಕ್ಕೆ ಮೀರಿ ಸೆರೆವಾಸ ವಿಧಿಸಲಾರರು. ಹಳೆಯ ಸಂಹಿತೆಯಂತೆ ಹತ್ತು ಸಾವಿರ, ಈಗಿನಂತೆ ಐವತ್ತು ಸಾವಿರ ರೂಪಾಯಿಗೆ ಮೀರಿ ಜುಲ್ಮಾನೆ ಹಾಕಲಾರರು. ಮೀರಿದರೆ, ಆರೋಪಿಯು ನೂರು ಸಲ ಒಪ್ಪಿಕೊಂಡಿದ್ದರೂ ಆ ಶಿಕ್ಷೆ ಅಕ್ರಮವೇ ಸರಿ. ಇಪ್ಪತ್ತೊಂದು ವರ್ಷಕ್ಕೆ ಒಳಗಿನವನನ್ನು, ಆಜೀವ ಸೆರೆವಾಸಕ್ಕೆ ಈಡಾಗದಂಥ ಅಪರಾಧಕ್ಕಾಗಿ, ತಕ್ಕ ಕಾರಣಗಳನ್ನು ಬರೆದಿಡದೆ ಸೆರೆಮನೆಗೆ ಕಳುಹಿಸಕೂಡದೆಂದು 1958ರ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮ ವಿಧಿಸಿದೆ. ಎಚ್ಚರಿಕೆ ಹೇಳಿ ಬಿಡುವುದಕ್ಕೂ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವುದಕ್ಕೂ ಅದರಲ್ಲಿ ದಾರಿಯುಂಟು. ಕೆಳಗಿನ ನ್ಯಾಯಾಲಯ ಮಾಡದೆ ಬಿಟ್ಟದ್ದನ್ನು ಅಪೀಲಿನಲ್ಲಿ ಮೇಲಿನ ನ್ಯಾಯಾಲಯವು ಮಾಡಬಹುದು. ಅದೇ ಅಧಿನಿಯಮದಂತೆ ಹಾಗೆ ಬಿಡುಗಡೆ ಹೊಂದಿದವನಿಗೆ, ದೋಷನಿರ್ಣಯದಿಂದ ತಗಲಬಹುದಾದ ಅನರ್ಹತೆಯೂ ತಗಲತಕ್ಕದ್ದಲ್ಲ. ಒಪ್ಪಿಕೊಂಡುಬಿಟ್ಟ ತರುಣನ ಪಾಲಿಗೆ ಇದು ಬಹು ದೊಡ್ಡ ಆಸರೆ. ಇದನ್ನು ಕೇಳದೆ ಬಿಡುವ ವಕೀಲರೂ ಇದ್ದಾರೆಂಬುದು ಖೇದದ ಸಂಗತಿ.

ಇಷ್ಟು ಕಾನೂನಿನ ಮೈ. ಅದರ ಜೀವವಿರುವುದು ಇನ್ನೊಂದು ಪ್ರಶ್ನೆಯಲ್ಲಿ: ಒಪ್ಪಿಗೆ ಎಂದರೆ ಯಾವುದು?

ನಮ್ಮ ಜನರ ಬಾಯಲ್ಲಿ ‘ತಪ್ಪಾಯಿತು’ ಎಂಬುದು ಯಾವ ಬಗೆಯ ಮಾತೆಂಬುದನ್ನು ಒಂದು ಗಳಿಗೆ ಯೋಚಿಸಬೇಕು. ದಾರಿಯಲ್ಲಿ ಹಿರಿಯರಿಗೆ ಕಾಲು ತಗುಲಿದರೆ ತಪ್ಪಾಯಿತು. ಅತಿಥಿಗೆ ಎರಡನೆಯ ಸಲ ತುಪ್ಪ ಬಡಿಸಲು ಮರೆತರೆ ತಪ್ಪಾಯಿತು. ಜಗಳದಲ್ಲಿ ಎದುರಾಳಿಯದೇ ತಪ್ಪೆಂದು ಊರಿಗೆಲ್ಲ ಗೊತ್ತಿದ್ದರೂ, ಪಂಚಾಯಿತಿ ಮುಗಿಯಲೆಂದು ಸಮಾಧಾನದವನೊಬ್ಬನು ಎದ್ದು ‘ನನ್ನದೇ ತಪ್ಪಾಯಿತು, ಬಿಡಿ’ ಎನ್ನುತ್ತಾನೆ. ಇನ್ನು ದೇವರ ಸನ್ನಿಧಿಯಲ್ಲಂತೂ ತಪ್ಪುಕಾಣಿಕೆ ಎಂಬ ಸಂಪ್ರದಾಯವೇ ಉಂಟು. ಅರಿತೋ ಅರಿಯದೆಯೋ ಯಾವುದೋ ಒಂದು ಲೋಪ ಸಂದಿರಬಹುದೆಂಬ ಶಂಕೆಯಿಂದ, ಆ ಲೋಪ ಯಾವುದೆಂದು ತನಗೇ ತಿಳಿಯದಿದ್ದರೂ, ಹರಕೆಯ ಅರಿಸಿನ ಬಟ್ಟೆಯಲ್ಲಿ ಕಟ್ಟಿಟ್ಟ ಕಾಸನ್ನು ಹುಂಡಿಗೆ ಹಾಕಿ ಭಕ್ತನು ಹಗುರಾಗಿ ಮನೆಗೆ ಹಿಂದಿರುಗುತ್ತಾನೆ. ಈ ಮಾತು ವಿನಯದ ಮಾತು, ಶಾಂತಿಯ ಮಾತು, ಕೆಲವು ವೇಳೆ ಭಯದ ಮಾತು. ಇದರಲ್ಲಿ ‘ಇಂಥ ದಿನ, ಇಂಥ ಸ್ಥಳದಲ್ಲಿ, ಇಂಥ ಉದ್ದೇಶದಿಂದ, ಇಂಥ ಕೃತ್ಯವನ್ನು ಎಸಗಿದೆನು’ ಎಂಬ ಅರ್ಥ ಅಡಗಿದೆಯೆಂದು ಹೇಳುವವನು ಕನ್ನಡ ನಾಡಿನಲ್ಲಿ ಬಾಳಿದವನಲ್ಲ. ಆದರೆ ನ್ಯಾಯಾಲಯದ ಕಿವಿ ಕೇಳುವುದು ಆ ಅರ್ಥವನ್ನೇ. ಕಟಕಟೆಯಲ್ಲಿ ನಿಂತವನು ತಪ್ಪುಕಾಣಿಕೆ ಹಾಕಿದೆನೆಂದು ತಿಳಿದಿರುತ್ತಾನೆ. ಕಾಗದದ ಮೇಲೆ ಬಿದ್ದಿರುವುದು ತಪ್ಪೊಪ್ಪಿಗೆ.

ಈ ಅಂತರವನ್ನು ಕಾನೂನು ಅರಿಯದೆ ಇಲ್ಲ. ಅರಿತೇ ಕೆಲವು ಕಾವಲುಗಳನ್ನು ಇಟ್ಟಿದೆ. ಆರೋಪವನ್ನು ಓದಿ ಹೇಳಿದರಷ್ಟೇ ಸಾಲದು, ವಿವರಿಸತಕ್ಕದ್ದು. ಆರೋಪಿಯು ಒಪ್ಪಿಕೊಂಡರೆ ನ್ಯಾಯಾಧೀಶರು ಆ ಮಾತನ್ನು ಬರೆದುಕೊಳ್ಳಲೇಬೇಕು. ಆದರೆ ಅದರ ಮೇಲೆ ದೋಷನಿರ್ಣಯ ಮಾಡುವುದು ಮಾತ್ರ ಅವರ ವಿವೇಚನೆಗೆ ಬಿಟ್ಟದ್ದು. ಬರೆದುಕೊಳ್ಳುವುದು ಕರ್ತವ್ಯ, ನಂಬುವುದು ವಿವೇಕ. ನಿಯಮವನ್ನು ರಚಿಸಿದವರು ಒಂದೇ ವಾಕ್ಯದಲ್ಲಿ ಈ ಎರಡನ್ನೂ ಎಚ್ಚರದಿಂದ ಬೇರ್ಪಡಿಸಿದ್ದಾರೆ. ಅಲ್ಲದೆ ಒಪ್ಪಿಗೆಯು ಸಂಗತಿಗಳ ಒಪ್ಪಿಗೆಯೇ ಹೊರತು ಕಾನೂನಿನ ಒಪ್ಪಿಗೆಯಲ್ಲ ಎಂಬುದು ನಮ್ಮ ಉಚ್ಚ ನ್ಯಾಯಾಲಯಗಳು ಬಹುಕಾಲದಿಂದ ಹೇಳಿಕೊಂಡು ಬಂದಿರುವ ತತ್ತ್ವ. ಕೊಲೆಯ ಮೊಕದ್ದಮೆಯಲ್ಲಿ ‘ಹೌದು, ಕೊಂದೆ’ ಎಂದವನು, ಹಠಾತ್ತಾಗಿ ಕೆರಳಿ ಹೊಡೆದನೋ, ತನ್ನ ಪ್ರಾಣ ಉಳಿಸಿಕೊಳ್ಳಲು ಹೊಡೆದನೋ, ಬುದ್ಧಿ ಸ್ಥಿಮಿತದಲ್ಲಿರದೆ ಹೊಡೆದನೋ, ಅವನಿಗೆ ಹೇಗೆ ಗೊತ್ತು? ಸಾವು ತನ್ನ ಕೈಯಿಂದಾಯಿತೆಂಬುದು ಅವನಿಗೆ ಗೊತ್ತು. ಅದು ಕಾನೂನಿನ ಪರಿಭಾಷೆಯಲ್ಲಿ ಕೊಲೆಯೋ, ಕೊಲೆಯಲ್ಲದ ಮಾನವಹತ್ಯೆಯೋ ಎಂಬುದನ್ನು ಹೇಳತಕ್ಕವರು ನ್ಯಾಯಾಧೀಶರು. ಆದಕಾರಣವೇ ಅಂಥ ಮೊಕದ್ದಮೆಗಳಲ್ಲಿ ಒಪ್ಪಿಗೆಯನ್ನು ಬದಿಗಿರಿಸಿ, ಸಾಕ್ಷ್ಯವನ್ನು ಕೇಳಿಯೇ ತೀರ್ಪು ಕೊಡುವುದು ನಮ್ಮಲ್ಲಿ ರೂಢಿಯಾಗಿ ಬೆಳೆದು ಬಂದಿದೆ.

ಇಲ್ಲೊಂದು ವಿಚಿತ್ರವನ್ನು ಹೇಳದೆ ಮುಂದೆ ಹೋಗಲಾರೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಮುಟ್ಟಲೇಬಾರದೆಂದು 1872ರ ಸಾಕ್ಷ್ಯ ಅಧಿನಿಯಮದ ಕಾಲದಿಂದಲೂ ನಿಷೇಧವಿದೆ. ತನಿಖೆಯ ಕಾಲದಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಕೊಳ್ಳಲು ಬಂದವನಿಗೆ, ‘ನೀನು ಹೇಳಲೇಬೇಕೆಂಬ ನಿರ್ಬಂಧವಿಲ್ಲ, ಹೇಳಿದರೆ ಅದು ನಿನ್ನ ವಿರುದ್ಧವೇ ಬಳಕೆಯಾಗಬಹುದು’ ಎಂದು ಮೊದಲು ತಿಳಿಸಬೇಕು. ಸ್ವಇಚ್ಛೆಯಿಂದ ಹೇಳುತ್ತಿದ್ದಾನೆಂದು ತಮಗೆ ನಂಬಿಕೆಯಾಗಬೇಕು. ಹಾಗೆ ನಂಬಿದೆನೆಂದು ಕೆಳಗೆ ಬರೆದು ಸಹಿ ಹಾಕಬೇಕು. ಇಷ್ಟೆಲ್ಲ ಮಾಡಿದ ಮೇಲೂ ಆ ಹೇಳಿಕೆ ಮೊಕದ್ದಮೆಯಲ್ಲಿ ಒಂದು ಸಾಕ್ಷ್ಯ ಮಾತ್ರ. ಅದರ ಮೇಲೆ ವಾದಿಸಬಹುದು, ಅದನ್ನು ಹಿಂತೆಗೆದುಕೊಳ್ಳಬಹುದು, ಮುಂದೆ ಅಪೀಲೂ ಉಂಟು. ಆದರೆ ಮೊಕದ್ದಮೆಯನ್ನೇ ಮುಗಿಸಿಬಿಡತಕ್ಕ, ಅಪೀಲನ್ನೇ ಕಿತ್ತುಕೊಳ್ಳತಕ್ಕ ಆ ಇನ್ನೊಂದು ಒಪ್ಪಿಗೆ, ಜನ ತುಂಬಿದ ಕೋಣೆಯಲ್ಲಿ, ಫ್ಯಾನಿನ ಸದ್ದಿನ ನಡುವೆ, ಅರ್ಧ ನಿಮಿಷದಲ್ಲಿ ಆಗಿಹೋಗುತ್ತದೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರಿರುವುದು ಭಾಷೆಯ ಬಡತನವೆಂದು ಕೆಲವರು ಹೇಳಿಯಾರು. ಎರಡಕ್ಕೂ ಒಂದೇ ಎಚ್ಚರ ಬೇಕೆಂಬ ಸೂಚನೆಯೆಂದು ನಾನು ಎಣಿಸುತ್ತೇನೆ.

ಹಾಗಾದರೆ ನಿಜವಾದ ಒಪ್ಪಿಗೆ ಹೇಗಿರುತ್ತದೆ? ಅದಕ್ಕೆ ನಿದರ್ಶನವನ್ನು ಹುಡುಕುತ್ತ ದೂರ ಹೋಗಬೇಕಾಗಿಲ್ಲ. 1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ, ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶ ಬ್ರೂಮ್‌ಫೀಲ್ಡರ ಮುಂದೆ, ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಬರೆದ ಮೂರು ಲೇಖನಗಳಿಗಾಗಿ ರಾಜದ್ರೋಹದ ಆಪಾದನೆ ಹೊತ್ತು ನಿಂತ ಗಾಂಧೀಜಿಯವರು ಎಲ್ಲ ಆರೋಪಗಳಿಗೂ ತಾವು ತಪ್ಪಿತಸ್ಥರೆಂದು ಒಪ್ಪಿಕೊಂಡರು. ಪತ್ರಿಕೆಯ ಮುದ್ರಕರಾಗಿದ್ದ ಶಂಕರಲಾಲ್ ಬ್ಯಾಂಕರರೂ ಹಾಗೆಯೇ ಒಪ್ಪಿದರು. ಆಗ ಸರ್ಕಾರದ ಪರವಾಗಿದ್ದ ಅಡ್ವೊಕೇಟ್ ಜನರಲ್ ಸ್ಟ್ರಾಂಗ್‌ಮನ್ನರು ಎದ್ದು, ಒಪ್ಪಿಗೆಯಿದ್ದರೂ ವಿಚಾರಣೆಯನ್ನು ಪೂರ್ತಿಯಾಗಿ ನಡೆಸಬೇಕೆಂದು ಕೇಳಿದರೆಂಬುದು ಬಹಳ ಮಂದಿಗೆ ತಿಳಿಯದು. ಒಪ್ಪಿಗೆಯ ಮೇಲೆಯೇ ದೋಷನಿರ್ಣಯ ಮಾಡುವುದೋ ವಿಚಾರಣೆಗೆ ಮುಂದುವರಿಯುವುದೋ ನ್ಯಾಯಾಧೀಶರ ವಿವೇಚನೆಗೆ ಸೇರಿದ್ದು. ಬ್ರೂಮ್‌ಫೀಲ್ಡರು ಒಪ್ಪಿಗೆಯನ್ನು ಅಂಗೀಕರಿಸಿ, ಇನ್ನುಳಿದದ್ದು ಶಿಕ್ಷೆಯ ವಿಚಾರವೊಂದೇ ಎಂದರು. ಗಾಂಧೀಜಿಯವರು ತಮ್ಮ ಲಿಖಿತ ಹೇಳಿಕೆಯನ್ನು ಓದಿದರು. ತಾವು ಮಾಡಿದ್ದೇನು, ಏತಕ್ಕೆ ಮಾಡಿದ್ದು, ಅದಕ್ಕೆ ಕಾನೂನಿನಲ್ಲಿ ಶಿಕ್ಷೆಯೇನು, ಬಿಟ್ಟರೆ ಮತ್ತೆ ಅದನ್ನೇ ಮಾಡುವೆನೆಂಬುದನ್ನೂ ಒಂದೊಂದಾಗಿ ತಿಳಿಸಿ, ನ್ಯಾಯಾಧೀಶರು ಈ ಕಾನೂನನ್ನು ಕೆಡುಕೆಂದು ಬಗೆದರೆ ಪದವಿಯನ್ನು ಬಿಡಬೇಕು, ಒಳಿತೆಂದು ಬಗೆದರೆ ಅತ್ಯಂತ ಕಠಿಣವಾದ ಶಿಕ್ಷೆಯನ್ನೇ ಕೊಡಬೇಕೆಂದು ಕೇಳಿಕೊಂಡರು. ತಿಲಕರಿಗೆ 1908ರಲ್ಲಿ ಆದ ಶಿಕ್ಷೆಯನ್ನು ನೆನೆದು ನ್ಯಾಯಾಧೀಶರು ಆರು ವರ್ಷದ ಸಾದಾ ಸೆರೆವಾಸವನ್ನು ವಿಧಿಸಿದರು. ಅಪೀಲು ಹೋಗಲಿಲ್ಲ, ಹೋಗುವ ಇಚ್ಛೆ ಯಾರಿಗೂ ಇರಲಿಲ್ಲ. ಕೃತ್ಯದ ಅರಿವು, ಆರೋಪದ ಅರಿವು, ಫಲದ ಅರಿವು ಈ ಮೂರೂ ತುಂಬಿದ್ದ ಒಪ್ಪಿಗೆ ಅದು. ಅಂಥದರ ಮೇಲೆ ಅಪೀಲಿಲ್ಲವೆಂದರೆ ಯಾರೂ ಮುನಿಯಲಾರರು. ನಮ್ಮ ತೋಪಿನ ಹುಡುಗನ ಬಾಯಿಂದ ಬಂದದ್ದನ್ನೂ ಇದನ್ನೂ ಒಂದೇ ಪದದಿಂದ ಕರೆದು, ಒಂದೇ ಪ್ರಕರಣದ ಕೆಳಗೆ ಕೂಡಿಸುವುದರಲ್ಲಿ ಇರುವುದು ತೊಡಕು.

ಸ್ವತಂತ್ರ ಭಾರತದಲ್ಲಿ ಸುಪ್ರೀಂ ಕೋರ್ಟು ಈ ತೊಡಕಿಗೆ ಕೈಹಾಕಿದ ಒಂದು ಸಂದರ್ಭ 1965ರಲ್ಲಿ ಒದಗಿತು. ಮದರಾಸಿನಲ್ಲಿ ಮಠವೊಂದರ ಮಹಂತರನ್ನು, ಗಾಂಜಾ ಇಟ್ಟುಕೊಂಡಿದ್ದರೆಂಬ ಆರೋಪದ ಮೇಲೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ಅವರು ಒಪ್ಪಿಕೊಂಡರೆಂದು ಶಿಕ್ಷೆ ವಿಧಿಸಲಾಗಿತ್ತು. ಆದರೆ ಅವರು ಆಡಿದ ಮಾತು ಯಾವುದೆಂಬುದು ದಾಖಲೆಯಲ್ಲಿರಲಿಲ್ಲ. ಒಪ್ಪಿಗೆಯನ್ನು ಸಾಧ್ಯವಾದಮಟ್ಟಿಗೆ ಆರೋಪಿಯ ಸ್ವಂತ ಮಾತುಗಳಲ್ಲಿಯೇ ಬರೆದುಕೊಳ್ಳತಕ್ಕದ್ದೆಂಬ ವಿಧಿಯು ಬರಿಯ ಔಪಚಾರಿಕತೆಯಲ್ಲ, ಅದು ಸಾರವತ್ತಾದ ವಿಷಯ, ಏಕೆಂದರೆ ಅಪೀಲಿನ ಹಕ್ಕು ಇರುವುದೋ ಇಲ್ಲವೋ ಎಂಬುದು ಅದನ್ನೇ ಅವಲಂಬಿಸಿದೆ, ಎಂಬ ಅಭಿಪ್ರಾಯದಿಂದ ನ್ಯಾಯಾಲಯವು ಆ ದೋಷನಿರ್ಣಯವನ್ನು ಎತ್ತಿಹಾಕಿತು. ಈ ವಿಧಿ ಇಂದಿನ ಸಂಹಿತೆಯಲ್ಲಿಯೂ ಸಮನ್ಸ್ ಮೊಕದ್ದಮೆಗಳ ಅಧ್ಯಾಯದಲ್ಲಿ ಉಳಿದುಬಂದಿದೆ. ನನ್ನ ಮಟ್ಟಿಗೆ ಹೇಳುವುದಾದರೆ, ಈ ವಿಷಯದಲ್ಲಿ ಇದಕ್ಕಿಂತ ಬೆಲೆಯುಳ್ಳ ತೀರ್ಪು ಇನ್ನೊಂದಿಲ್ಲ. ಮನುಷ್ಯನು ಆಡಿದ ಮಾತನ್ನೇ ಬರೆದಿಟ್ಟರೆ ಮೇಲಿನ ನ್ಯಾಯಾಲಯವು ಅದನ್ನು ಓದಿ, ಅದರಲ್ಲಿ ಒಪ್ಪಿಗೆಯಿದೆಯೋ ಕೇವಲ ಕೈಮುಗಿತವಿದೆಯೋ ಎಂದು ತೀರ್ಮಾನಿಸಬಲ್ಲದು. ‘ಆರೋಪಿಯು ಒಪ್ಪಿಕೊಂಡಿದ್ದಾನೆ’ ಎಂಬ ಅಚ್ಚಿನ ವಾಕ್ಯದಲ್ಲಿ ಓದುವುದಕ್ಕೆ ಏನೂ ಇಲ್ಲ. ಅದು ಆರೋಪಿಯ ಮಾತಲ್ಲ, ಮುದ್ರಣಾಲಯದ ಮಾತು. 2021ರಲ್ಲಿ ಕೇರಳದ ಹೈಕೋರ್ಟು ಇದೇ ಜಾಡಿನಲ್ಲಿ ನಡೆದು, ಆರೋಪವನ್ನು ನಿರ್ದಿಷ್ಟವಾಗಿ ರಚಿಸುವುದು, ಓದಿ ವಿವರಿಸುವುದು, ಅದರ ಗಾಂಭೀರ್ಯವನ್ನು ಅರಿತು ಸ್ವಇಚ್ಛೆಯಿಂದ ಒಪ್ಪಿದನೇ ಎಂದು ನೋಡುವುದು, ಆದಷ್ಟೂ ಅವನ ಮಾತಿನಲ್ಲಿಯೇ ಬರೆದುಕೊಳ್ಳುವುದು, ಆಮೇಲೆ ಅದನ್ನು ಅಂಗೀಕರಿಸಬೇಕೇ ಬೇಡವೇ ಎಂದು ವಿವೇಚಿಸುವುದು, ಈ ಮೆಟ್ಟಿಲುಗಳಲ್ಲಿ ಯಾವುದನ್ನೂ ಹಾರಕೂಡದೆಂದು ಮ್ಯಾಜಿಸ್ಟ್ರೇಟರಿಗೆ ನೆನಪಿಸಿತು.

ಅಪೀಲಿಲ್ಲದ ಕಡೆ ದಾರಿಯೇ ಇಲ್ಲವೆಂದು ಇದರಿಂದ ಭಾವಿಸಬಾರದು. ಒಪ್ಪಿಗೆಯೇ ನಿಜವಾದದ್ದಲ್ಲ, ಅದನ್ನು ಬರೆದುಕೊಂಡ ಕ್ರಮವೇ ಸರಿಯಲ್ಲ, ಒಪ್ಪಿಕೊಂಡ ಸಂಗತಿಗಳಿಂದ ಅಪರಾಧವೇ ಆಗುವುದಿಲ್ಲ ಎಂಬಂಥ ತಕರಾರುಗಳಿಗೆ ಪುನರೀಕ್ಷಣೆಯೆಂಬ, ನಮ್ಮವರು ‘ರಿವಿಜನ್’ ಎಂದೇ ಕರೆಯುವ, ಬೇರೊಂದು ದಾರಿ ಉಂಟು. ಅದು ಪಕ್ಷಗಾರನ ಹಕ್ಕೆನ್ನುವುದಕ್ಕಿಂತ ಮೇಲಿನ ನ್ಯಾಯಾಲಯವು ಕೆಳಗಿನದರ ದಾಖಲೆಯನ್ನು ತರಿಸಿ ಪರಿಶೀಲಿಸುವ ಅಧಿಕಾರ. ಸೆಷನ್ಸ್ ನ್ಯಾಯಾಲಯಕ್ಕೂ ಉಂಟು, ಹೈಕೋರ್ಟಿಗೂ ಉಂಟು. ಅಪೀಲು ಇದ್ದೂ ಹಾಕದೆ ಕುಳಿತವನಿಗೆ ಪುನರೀಕ್ಷಣೆಯನ್ನು ಕೇಳುವ ಅಧಿಕಾರವಿಲ್ಲವೆಂಬ ನಿರ್ಬಂಧವಿದೆಯಷ್ಟೆ; ಒಪ್ಪಿಕೊಂಡವನಿಗೆ ದೋಷನಿರ್ಣಯದ ಮೇಲೆ ಅಪೀಲೇ ಇಲ್ಲವಾದ್ದರಿಂದ ಆ ನಿರ್ಬಂಧ ಅವನನ್ನು ತಡೆಯುವುದಿಲ್ಲ. ಒಂದು ಬಾಗಿಲು ಮುಚ್ಚಿರುವುದೇ ಮತ್ತೊಂದನ್ನು ತೆರೆಯುವ ಬೀಗದ ಕೈಯಾಗುವ ಈ ಚಮತ್ಕಾರ ಕಾನೂನಿನಲ್ಲಿ ಅಪರೂಪವೇನಲ್ಲ. ಸಣ್ಣ ಜುಲ್ಮಾನೆಯ ಮೊಕದ್ದಮೆಗಳಲ್ಲಿಯೂ, ಎಂದರೆ ಪ್ರಥಮ ದರ್ಜೆಯ ಮ್ಯಾಜಿಸ್ಟ್ರೇಟರು ನೂರು ರೂಪಾಯಿಗೆ ಮೀರದ ದಂಡವನ್ನಷ್ಟೇ ಹಾಕಿರುವಲ್ಲಿ, ಅಪೀಲಿಲ್ಲದೆ ಇದೇ ದಾರಿ.

ಇದುವರೆಗೆ ಹೇಳಿದ್ದು ಅರಿಯದೆ ಒಪ್ಪಿದವರ ಮಾತು. ಅರಿತೂ, ನಿರಪರಾಧಿಯಾಗಿದ್ದೂ ಒಪ್ಪಿಕೊಳ್ಳುವವರು ಇದ್ದಾರೆ. ಅವರ ಕಥೆ ಇನ್ನೂ ಕಠಿಣವಾದದ್ದು. ಜಾಮೀನಿಗೆ ಜನವಿಲ್ಲದೆ ಎಂಟು ತಿಂಗಳು ಜೈಲಿನಲ್ಲಿ ಕೊಳೆತ ಬಡವನೊಬ್ಬನ ಮುಂದೆ, ‘ಒಪ್ಪಿಕೊಂಡರೆ ಇದುವರೆಗೆ ಅನುಭವಿಸಿದ್ದನ್ನೇ ಶಿಕ್ಷೆಯೆಂದು ಎಣಿಸಿ ಇಂದೇ ಮನೆಗೆ, ಅಲ್ಲಗಳೆದರೆ ಸಾಕ್ಷಿಗಳು ಬರುವ ತನಕ ಇಲ್ಲಿಯೇ’ ಎಂಬ ಎರಡು ದಾರಿಗಳನ್ನು ಇಟ್ಟರೆ ಅವನು ಯಾವುದನ್ನು ಹಿಡಿದಾನು? ವಿಚಾರಣೆಗೆ ಮೊದಲು ಬಂಧನದಲ್ಲಿ ಕಳೆದ ಕಾಲವನ್ನು ಶಿಕ್ಷೆಯಲ್ಲಿ ಕಳೆಯತಕ್ಕದ್ದೆಂಬ ದಯಾಪೂರ್ಣವಾದ ನಿಯಮವೇ, ಜೈಲು ಅದಾಲತ್ತುಗಳ ಸಾಲಿನಲ್ಲಿ, ನಿರಪರಾಧಿಯ ಬಾಯಿಂದ ಒಪ್ಪಿಗೆಯನ್ನು ಹೊರಡಿಸುವ ಯಂತ್ರವಾಗುವುದುಂಟು. ಅಂದು ಅವನು ಮನೆಗೆ ಹೋಗುತ್ತಾನೆ. ಮುಂದೊಂದು ದಿನ ಇನ್ನೊಂದು ಕಳವಿನ ಆರೋಪ ಬಂದಾಗ, ಹಿಂದಿನ ಶಿಕ್ಷೆಯು ಕಡತದಿಂದೆದ್ದು ಬಂದು ಈಗಿನ ಶಿಕ್ಷೆಯ ಪಕ್ಕದಲ್ಲಿ ಕುಳಿತುಕೊಳ್ಳುತ್ತದೆ.

ಇಂಥ ಒಪ್ಪಂದದ ಒಪ್ಪಿಗೆಗಳನ್ನು ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಬಲವಾಗಿ ಖಂಡಿಸಿದರು. ಗುಜರಾತಿನಿಂದ ಬಂದ ಆಹಾರ ಕಲಬೆರಕೆಯ ಮೊಕದ್ದಮೆಯೊಂದರಲ್ಲಿ, ಲಘುವಾದ ಶಿಕ್ಷೆಯ ಭರವಸೆಯ ಮೇಲೆ ಪಡೆದ ಒಪ್ಪಿಗೆಯಿಂದಾದ ದೋಷನಿರ್ಣಯವು ಸಂವಿಧಾನಕ್ಕೆ ವಿರುದ್ಧವಾದದ್ದೆಂದು 1980ರಲ್ಲಿ ಹೇಳಿದರು. ಅದರ ಬೆನ್ನಿಗೇ ನಮ್ಮ ಕರ್ನಾಟಕದಿಂದಲೇ ಒಂದು ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1983ರ ನ್ಯಾಯವರದಿಗಳಲ್ಲಿ ಅದು ಅಚ್ಚಾಗಿದೆ. ಅಜಾಗರೂಕತೆಯಿಂದ ಸಾವನ್ನುಂಟುಮಾಡಿದ ಆರೋಪ; ಆರೋಪಿ ಒಪ್ಪಿಕೊಂಡನು; ಮ್ಯಾಜಿಸ್ಟ್ರೇಟರು ಜುಲ್ಮಾನೆ ಹಾಕಿ ಬಿಟ್ಟರು; ಶಿಕ್ಷೆ ಕಡಿಮೆಯಾಯಿತೆಂದು ಸರ್ಕಾರವು ಹೈಕೋರ್ಟಿಗೆ ಹೋಯಿತು; ಹೈಕೋರ್ಟು ಅದನ್ನು ಹೆಚ್ಚಿಸಿ ಸೆರೆವಾಸ ವಿಧಿಸಿತು. ಹಗುರಾಗಿ ಬಿಡುವೆವೆಂಬ ಆಸೆ ತೋರಿಸಿ ಒಪ್ಪಿಸಿ, ಒಪ್ಪಿದ ಮೇಲೆ ಅಪೀಲಿನಲ್ಲಿ ಶಿಕ್ಷೆಯನ್ನು ಏರಿಸುವುದು ಸಂವಿಧಾನದ 21ನೆಯ ವಿಧಿಗೆ ಭಂಗ ತರತಕ್ಕದ್ದೆಂದು ಸುಪ್ರೀಂ ಕೋರ್ಟು ತೀರ್ಮಾನಿಸಿತು. ಶಿಕ್ಷೆ ಸಾಲದೆಂದು ಮೇಲಿನ ನ್ಯಾಯಾಲಯಕ್ಕೆ ತೋರಿದರೆ, ಒಪ್ಪಿಗೆಯ ದೋಷನಿರ್ಣಯವನ್ನೇ ತೆಗೆದುಹಾಕಿ, ಆರೋಪಿಗೆ ತನ್ನ ಪಕ್ಷವನ್ನು ವಾದಿಸಿಕೊಳ್ಳುವ ಅವಕಾಶ ಕೊಟ್ಟು, ವಿಚಾರಣೆಗೆ ಹಿಂದಕ್ಕೆ ಕಳುಹಿಸತಕ್ಕದ್ದು. ಕೊಟ್ಟ ಮಾತಿಗೆ ತಪ್ಪಿದ ಮೇಲೆ ಪಡೆದ ಮಾತನ್ನು ಇಟ್ಟುಕೊಳ್ಳುವ ಅಧಿಕಾರ ಪ್ರಭುತ್ವಕ್ಕಿಲ್ಲವೆಂಬುದು ಇದರ ತಾತ್ಪರ್ಯ.

ಆದರೂ ಒಪ್ಪಂದದ ಪದ್ಧತಿ ನಿಲ್ಲಲಿಲ್ಲ. ಬದಲಾಗಿ ಶಾಸನದ ಮರ್ಯಾದೆಯನ್ನೇ ಪಡೆಯಿತು. ಕಾನೂನು ಆಯೋಗವು 1991ರಲ್ಲಿಯೂ 1996ರಲ್ಲಿಯೂ ಅದನ್ನು ಶಿಫಾರಸು ಮಾಡಿತು; ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ. ಎಸ್. ಮಳಿಮಠರ ಅಧ್ಯಕ್ಷತೆಯ ಸಮಿತಿಯು 2003ರಲ್ಲಿ ಅನುಮೋದಿಸಿತು. 2006ರ ಜುಲೈ 5ರಿಂದ ಅದು ಸಂಹಿತೆಯಲ್ಲಿ ಜಾರಿಗೆ ಬಂದಿತು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗಷ್ಟೇ ಅದು ಅನ್ವಯ. ಸ್ತ್ರೀಯರ ಮೇಲಿನ ಹಾಗೂ ಮಕ್ಕಳ ಮೇಲಿನ ಅಪರಾಧಗಳಿಗೆ ಸಲ್ಲದು. ಅರ್ಜಿಯನ್ನು ಆರೋಪಿಯೇ ಕೊಡಬೇಕು. ನ್ಯಾಯಾಧೀಶರು ಎದುರು ಪಕ್ಷದವರನ್ನು ಹೊರಗಿರಿಸಿ, ಏಕಾಂತದಲ್ಲಿ ಅವನನ್ನು ಕೇಳಿ, ಸ್ವಇಚ್ಛೆಯೆಂದು ಖಚಿತಪಡಿಸಿಕೊಳ್ಳಬೇಕು. ಹೊಸ ಸಂಹಿತೆಯಲ್ಲಿ ಹಿಂದೆ ಶಿಕ್ಷೆಯಾಗದವನಿಗೆ ಶಿಕ್ಷೆಯು ಆರನೆಯ ಒಂದು ಭಾಗಕ್ಕೂ ಇಳಿಯಬಹುದು. ಇದಕ್ಕೆ ತೆರಬೇಕಾದ ಬೆಲೆಯೆಂದರೆ ಆ ತೀರ್ಪೇ ಅಂತಿಮ. ಸುಪ್ರೀಂ ಕೋರ್ಟಿನ ವಿಶೇಷಾನುಮತಿ, ಹೈಕೋರ್ಟಿನ ರಿಟ್ ಇವೆರಡನ್ನುಳಿದು ಬೇರೆ ದಾರಿಯಿಲ್ಲ. ಆ ಏಕಾಂತದ ಪ್ರಶ್ನೆಯನ್ನು ಒಪ್ಪಂದದ ಆರೋಪಿಗೆ ಮಾತ್ರ ಮೀಸಲಿಟ್ಟು, ಬೆಳಗಿನ ಸಾಲಿನಲ್ಲಿ ನಿಂತ ಆರೋಪಿಗೆ ಕೊಡದಿರುವುದು ನನಗೆ ಸಮ್ಮತವಲ್ಲ.

ನಿರಪರಾಧಿಗಳು ಒಪ್ಪಿಕೊಳ್ಳುವುದು ನಮ್ಮ ಬಡತನದ, ನಿರಕ್ಷರತೆಯ ಫಲವೆಂದು ತಿಳಿದವರು ಇಂಗ್ಲೆಂಡಿನ ಕಡೆಗೊಮ್ಮೆ ನೋಡಬಹುದು. ಒಪ್ಪಿಕೊಂಡವನ ಅಪೀಲನ್ನು ಯಾವಾಗ ಕೇಳಬಹುದೆಂಬುದಕ್ಕೆ ಅಲ್ಲಿ 1923ರ ತೀರ್ಪೊಂದು ಬಹುಕಾಲ ಅಳತೆಗೋಲಾಗಿದೆ: ಆರೋಪದ ಸ್ವರೂಪವನ್ನು ಅರಿಯದೆ ಇದ್ದಿರಬೇಕು ಅಥವಾ ಒಪ್ಪುವ ಉದ್ದೇಶವೇ ಇಲ್ಲದೆ ಇದ್ದಿರಬೇಕು, ಇಲ್ಲವೇ ಒಪ್ಪಿದ ಸಂಗತಿಗಳಿಂದ ಅಪರಾಧವೇ ಸಿದ್ಧಿಸದಿರಬೇಕು. ಆ ದೇಶದ ಅಂಚೆಕಚೇರಿಗಳಲ್ಲಿ ‘ಹೊರೈಜನ್’ ಎಂಬ ಕಂಪ್ಯೂಟರ್ ಲೆಕ್ಕದ ವ್ಯವಸ್ಥೆ ಬಂದ ಮೇಲೆ, 1999ರಿಂದ 2015ರವರೆಗೆ, ಯಂತ್ರವು ತೋರಿಸಿದ ಕೊರತೆಯನ್ನು ನಂಬಿ ನೂರಾರು ಮಂದಿ ಉಪ ಅಂಚೆಪಾಲಕರ ಮೇಲೆ ಮೊಕದ್ದಮೆ ಹೂಡಿದರು. ಅಕ್ಷರಸ್ಥರು, ಊರಿನಲ್ಲಿ ಗೌರವಸ್ಥರು. ಕಳವಿನ ಆರೋಪವನ್ನು ಕೈಬಿಡುವುದಾದರೆ, ಸೆರೆಮನೆ ತಪ್ಪುವುದಾದರೆ ಸುಳ್ಳು ಲೆಕ್ಕದ ಆರೋಪವನ್ನು ಒಪ್ಪಿಕೊಂಡೇವೆಂದು ಅವರಲ್ಲಿ ಅನೇಕರು ಒಪ್ಪಿಕೊಂಡರು. ತಪ್ಪಿದ್ದುದು ಯಂತ್ರದಲ್ಲಿ. 2021ರ ಏಪ್ರಿಲ್ 23ರಂದು ಅಪೀಲು ನ್ಯಾಯಾಲಯವು 39 ಮಂದಿಯ ದೋಷನಿರ್ಣಯಗಳನ್ನು ರದ್ದುಪಡಿಸಿತು. ಒಪ್ಪಿಕೊಂಡಿದ್ದರೆಂಬುದು ಅಡ್ಡಿಯಾಗಲಿಲ್ಲ, ಮೊಕದ್ದಮೆ ಹೂಡಿದ್ದೇ ನ್ಯಾಯಪ್ರಕ್ರಿಯೆಯ ದುರುಪಯೋಗವೆಂದು ನ್ಯಾಯಾಲಯ ಹೇಳಿತು. ಉಳಿದವರಿಗಾಗಿ 2024ರಲ್ಲಿ ಅಲ್ಲಿನ ಸಂಸತ್ತು ಶಾಸನವನ್ನೇ ಮಾಡಬೇಕಾಯಿತು.

ಇನ್ನು ಓದುಗರಿಗೆ ಎರಡು ವ್ಯವಹಾರದ ಮಾತು. ಮ್ಯಾಜಿಸ್ಟ್ರೇಟರ ಶಿಕ್ಷೆಯ ಮೇಲೆ ಸೆಷನ್ಸ್ ನ್ಯಾಯಾಲಯಕ್ಕೆ ಅಪೀಲು ಹಾಕಲು 30 ದಿನ, ಹೈಕೋರ್ಟಿಗಾದರೆ 60 ದಿನ, ಪುನರೀಕ್ಷಣೆಗೆ 90 ದಿನ. ತಡವಾದರೆ ತಕ್ಕ ಕಾರಣ ತೋರಿಸಿ ಮನ್ನಿಸಬೇಕೆಂದು ಕೇಳಬಹುದು. ಸೆರೆಯಲ್ಲಿರುವವನು ಜೈಲಿನ ಅಧಿಕಾರಿಯ ಕೈಯಲ್ಲಿಯೇ ಅಪೀಲನ್ನು ಕೊಡಬಹುದು. ಸೆರೆಯಲ್ಲಿರುವವರಿಗೆ, ಸ್ತ್ರೀಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯದ ಲೆಕ್ಕವನ್ನೇ ಕೇಳದೆ ಕಾನೂನು ಸೇವಾ ಪ್ರಾಧಿಕಾರವು ವಕೀಲರನ್ನು ಒದಗಿಸತಕ್ಕದ್ದು. ಗೆದ್ದರೆ ದೊರೆಯುವುದು ಸಾಮಾನ್ಯವಾಗಿ ಬಿಡುಗಡೆಯಲ್ಲ, ಮರುವಿಚಾರಣೆ. ಒಪ್ಪಿಕೊಂಡು ತಪ್ಪಿಸಿಕೊಂಡಿದ್ದ ಕಟಕಟೆಯನ್ನು ಮತ್ತೆ ಹತ್ತಬೇಕು, ದೋಷಿಯೆಂದಾದರೆ ಮೊದಲಿನ ಹಗುರವಾದ ಶಿಕ್ಷೆಯೇ ಸಿಕ್ಕೀತೆಂಬ ಭರವಸೆಯಿಲ್ಲ. ಇದನ್ನು ತೂಗಿ ನೋಡಿಯೇ ಹೆಜ್ಜೆಯಿಡತಕ್ಕದ್ದು. ಆದರೆ ಏನನ್ನು ಮಾಡುವುದಿದ್ದರೂ, ಅದೇ ದಿನ ಆರ್ಡರ್ ಶೀಟಿನ ದೃಢೀಕೃತ ನಕಲಿಗೆ ಅರ್ಜಿ ಹಾಕಿರಿ. ನಿಮ್ಮ ಬಾಯಿಂದ ಬಂದದ್ದೇನು, ಕಾಗದದ ಮೇಲೆ ಬಿದ್ದದ್ದೇನು ಎಂಬುದನ್ನು ನೀವೇ ಓದಿಕೊಳ್ಳಿರಿ.

ತೋಪಿನ ಹುಡುಗನಿಗಾಗಿ ನಮ್ಮ ವಕೀಲರು ಅದನ್ನೇ ಮಾಡಿದರು. ನಕಲಿನಲ್ಲಿ ‘ಆಟ ನೋಡ್ತಾ ನಿಂತಿದ್ದೆ’ ಎಂಬ ಮಾತು ಇರಲಿಲ್ಲ. ಒಂಬತ್ತು ಮಂದಿಗೂ ಸೇರಿ ಒಂದೇ ಅಚ್ಚಿನ ಸಾಲು ಇತ್ತು. ಆ ಸಾಲನ್ನೇ ಆಧಾರವಾಗಿಟ್ಟುಕೊಂಡು ಪುನರೀಕ್ಷಣೆಯ ಅರ್ಜಿ ಹಾಕಿದರು. ಮೂರು ವರ್ಷದ ವಿಳಂಬವನ್ನು ಮನ್ನಿಸಿ ಸೆಷನ್ಸ್ ನ್ಯಾಯಾಲಯವು ಮರುವಿಚಾರಣೆಗೆ ಕಳುಹಿಸಿತು. ವಿಚಾರಣೆಯಲ್ಲಿ ಪಂಚರಿಬ್ಬರೂ ಪೊಲೀಸರು ಹೇಳಿದಲ್ಲಿ ಸಹಿ ಹಾಕಿದೆವೆಂದು ಬಿಟ್ಟರು. ಹುಡುಗನು ಬಿಡುಗಡೆಯಾದನು. ಅಷ್ಟರಲ್ಲಿ ಅವನಿಗೆ ಬರಬೇಕಾಗಿದ್ದ ಹುದ್ದೆಯಲ್ಲಿ ಬೇರೊಬ್ಬನು ಎರಡು ವರ್ಷದ ಸೇವೆಯನ್ನು ಮುಗಿಸಿದ್ದನು.